ಮನೆಯೊಳಗಿನ ವಿಜ್ಞಾನ: ಏಳದ ಕಂಪ್ಯೂಟರನ್ನು ಎಬ್ಬಿಸುವುದು

ಮುಂಬಯಿಯಲ್ಲಿ ಮಳೆ ಹಿಡಿಯಿತೆಂದರೆ ಕೆಡುವ ವಸ್ತುಗಳ ಪಟ್ಟಿ ದೊಡ್ಡದು. ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗುತ್ತದೆ. ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಕಪಾಟಿನ ಪುಸ್ತಕಗಳಿಗೆ ಬೂಸಲು ಹಿಡಿಯುತ್ತದೆ. ಈ ಪಟ್ಟಿಗೆ ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳಿಂದ ಮನೆಯ ಕಂಪ್ಯೂಟರೂ ಸೇರಿಕೊಂಡಿದೆ. ಕರೆಂಟು ಹೋಗಿ ಬಂದು ಮಾಡಿದ ಯಾವುದೋ ಒಂದು ಸಂಜೆ ಬಟನ್ನು ಒತ್ತಿದರೆ ಪರದೆಯ ಮೇಲೆ ತಯಾರಕರ ಹೆಸರು ಮೂಡುತ್ತದೆ. ಅನಂತರ ಬರೀ ಕಪ್ಪು. ಅದರ ಮೇಲೆ "ನೋ ಬೂಟಬಲ್ ಡಿವೈಸ್" ಎಂದೋ "ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್" ಎಂದೋ ಇಂಗ್ಲಿಷಿನ ಒಂದು ಸಾಲು. ಮನೆಯವರೆಲ್ಲ ಸುತ್ತ ನಿಂತು ಅದನ್ನೇ ನೋಡುತ್ತಾರೆ.

ಮರುದಿನ ಯಂತ್ರವನ್ನು ಹೊತ್ತುಕೊಂಡು ರಿಪೇರಿಯವನ ಬಳಿಗೆ ಹೋಗುವುದು ವಾಡಿಕೆ. ಆತ ಎರಡು ನಿಮಿಷ ನೋಡಿ, "ಫಾರ್ಮ್ಯಾಟ್ ಮಾರ್‌ನಾ ಪಡೇಗಾ" ಎನ್ನುತ್ತಾನೆ. ಮುಂಬಯಿಯಲ್ಲಿರುವವರಿಗೆ ಈ ಮಾತಿನ ಪರಿಚಯ ಉಂಟಷ್ಟೆ? ಹೆಚ್ಚಿನವರು ಹೂಂ ಎಂದುಬಿಡುತ್ತಾರೆ. ಫಾರ್ಮ್ಯಾಟೆಂದರೆ ಒಳಗಿನ ಡಿಸ್ಕನ್ನು ಒರೆಸಿ ಹೊಸ ಸ್ಲೇಟಿನಂತೆ ಮಾಡುವುದು. ಯಂತ್ರ ಚೆನ್ನಾಗಿ ಏಳುತ್ತದೆ, ನಿಜ. ಆದರೆ ಮಗಳ ಮದುವೆಯ ಫೋಟೋಗಳು, ಊರಿನ ಜಮೀನಿನ ಪಹಣಿಯ ಪ್ರತಿ, ಹೌಸಿಂಗ್ ಸೊಸೈಟಿಯ ಹತ್ತು ವರ್ಷದ ಲೆಕ್ಕ, ಅಜ್ಜ ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡಿದ ನೆನಪುಗಳು, ಇವು ಇರುವುದಿಲ್ಲ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಕಥೆ ಇದು.

ಈ ಸಂಚಿಕೆಯಲ್ಲಿ ನಾವು ಹೇಳಬೇಕೆಂದಿರುವುದು ಒಂದೇ ಮಾತು. ಕಂಪ್ಯೂಟರು ಏಳದಿರುವುದು ಬೇರೆ. ಅದರೊಳಗಿನ ಬರಹ ಅಳಿದಿರುವುದು ಬೇರೆ. ಅನೇಕ ವೇಳೆ ಏಳಲಾರದ ಯಂತ್ರದೊಳಗೆ ಬರಹವೆಲ್ಲ ಕ್ಷೇಮವಾಗಿರುತ್ತದೆ. ಯಂತ್ರವನ್ನು ಬೇರೊಂದು ಡಿಸ್ಕಿನಿಂದ ಎಬ್ಬಿಸಿ ಆ ಬರಹವನ್ನು ಹೊರಗೆ ತೆಗೆದುಕೊಳ್ಳಬಹುದು. ಅದಕ್ಕೆ ಬೇಕಾದುದು ಒಂದು ಪೆನ್‌ಡ್ರೈವು ಅಥವಾ ಡಿ.ವಿ.ಡಿ., ಕೀಲಿಮಣೆಯ ಒಂದು ಕೀಲಿ, ಮತ್ತು ಸ್ವಲ್ಪ ತಾಳ್ಮೆ.

ಮರೆವಿನ ಭಟ್ಟರು

ಏಳುವುದೆಂದರೇನೆಂದು ಮೊದಲು ತಿಳಿಯೋಣ. ನಮ್ಮ ಓದುಗರಲ್ಲಿ ಹೋಟೆಲಿನ ಅಡುಗೆಮನೆಯನ್ನು ಕಾಣದವರು ಕಡಮೆ. ಆದುದರಿಂದ ಅಲ್ಲಿಂದಲೇ ಉದಾಹರಣೆ ಕೊಡುತ್ತೇವೆ. ಒಂದು ಹೋಟೆಲಿನಲ್ಲಿ ಬಲು ಚುರುಕಾದ ಭಟ್ಟರೊಬ್ಬರಿದ್ದಾರೆನ್ನಿ. ಹೇಳಿದ ಅಡುಗೆಯನ್ನು ಹೇಳಿದ ಹಾಗೆ ಕ್ಷಣಮಾತ್ರದಲ್ಲಿ ಮಾಡಿ ಮುಗಿಸುವವರು. ಆದರೆ ಅವರಿಗೊಂದು ವಿಚಿತ್ರವಾದ ಮರೆವು. ರಾತ್ರಿ ದೀಪ ಆರಿಸಿದರೆ ತೀರಿತು; ಬೆಳಿಗ್ಗೆ ಏಳುವಾಗ ಸಾಂಬಾರೆಂದರೇನೆಂಬುದೂ ಅವರಿಗೆ ತಿಳಿಯದು. ಅದಕ್ಕಾಗಿ ಯಜಮಾನರು ಗೋಡೆಗೆ ಒಂದು ಚೀಟಿ ಅಂಟಿಸಿದ್ದಾರೆ: "ಎದ್ದೊಡನೆ ಒಲೆ ಹತ್ತುತ್ತದೆಯೇ ನೋಡಿ, ನಳದಲ್ಲಿ ನೀರು ಬರುತ್ತದೆಯೇ ನೋಡಿ, ಪಾತ್ರೆಗಳನ್ನು ಎಣಿಸಿ. ಬಳಿಕ ಎಡಗಡೆಯ ಕಪಾಟು ತೆರೆದು ಮೊದಲನೆಯ ಪುಸ್ತಕ ತೆಗೆಯಿರಿ. ಮುಂದಿನದೆಲ್ಲ ಅದರಲ್ಲಿದೆ."

ಈ ಭಟ್ಟರೇ ಕಂಪ್ಯೂಟರಿನ ಪ್ರೊಸೆಸರು. ಅವರ ಮರೆವೇ ರ‍್ಯಾಮೆಂಬ ಕೆಲಸದ ನೆನಪು. ಕರೆಂಟು ಹೋದೊಡನೆ ಅದರಲ್ಲಿರುವುದೆಲ್ಲ ಬಯಲಾಗುತ್ತದೆ. ಗೋಡೆಯ ಚೀಟಿಯೆಂದರೆ ಒಳಗಿನ ಹಲಗೆಯ ಮೇಲಿರುವ ಸಣ್ಣದೊಂದು ಚಿಪ್ಪಿನಲ್ಲಿ ಬರೆದಿಟ್ಟ ಆದೇಶಗಳು. ಇವನ್ನು ಹಿಂದೆ ಬಯಾಸ್ ಎನ್ನುತ್ತಿದ್ದರು. ಈಗಿನ ಯಂತ್ರಗಳಲ್ಲಿ ಅದರ ಸ್ಥಾನಕ್ಕೆ ಯು.ಇ.ಎಫ್.ಐ. ಎಂಬುದು ಬಂದಿದೆ. ಕಪಾಟೆಂದರೆ ಹಾರ್ಡ್ ಡಿಸ್ಕು. ಪುಸ್ತಕವೆಂದರೆ ವಿಂಡೋಸ್ ಮೊದಲಾದ ಆಪರೇಟಿಂಗ್ ಸಿಸ್ಟಮ್. ಹಳೆಯ ಪದ್ಧತಿಯ ಡಿಸ್ಕುಗಳಲ್ಲಿ ಮೊದಲನೆಯ 512 ಬೈಟುಗಳಷ್ಟು ಜಾಗದಲ್ಲಿ "ಇಲ್ಲಿಂದ ಆರಂಭಿಸು" ಎಂಬ ಸೂಚನೆ ಇರುತ್ತದೆ. ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದಾದಷ್ಟು ಅಕ್ಷರಗಳು! ಅಷ್ಟು ಭಾಗ ಕೆಟ್ಟರೆ ಸಾಕು, ಡಿಸ್ಕಿನ ಉಳಿದೆಲ್ಲ ಭಾಗ ಸರಿಯಾಗಿದ್ದರೂ ಯಂತ್ರ ಏಳಲಾರದು. ಪುಸ್ತಕದ ಮೊದಲ ಹಾಳೆ ಹರಿದಿದ್ದರೆ ಭಟ್ಟರು ಕೈಕಟ್ಟಿ ನಿಂತಂತೆ. ಅಡುಗೆಯ ಸಾಮಾನು ಕೆಟ್ಟಿಲ್ಲ, ಉಗ್ರಾಣ ಖಾಲಿಯಾಗಿಲ್ಲ. ಆದರೂ ಒಲೆ ಹತ್ತದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಚೀಟಿಯನ್ನು ಓದಿ ಭಟ್ಟರು ಕಪಾಟಿನ ಕಡೆಗೆ ನಡೆದು ಹೋಗುವ ಒಂದೆರಡು ಕ್ಷಣಗಳ ಅವಕಾಶವಿದೆ. ಆಗ ಯಜಮಾನರು ಕರೆದು, "ಭಟ್ಟರೇ, ಇವತ್ತು ಆ ಕಪಾಟು ಬೇಡ, ಈ ಪುಸ್ತಕ ನೋಡಿ" ಎಂದರೆ ಅವರು ಹಾಗೆಯೇ ಮಾಡುತ್ತಾರೆ. ಏಳುವ ಹೊತ್ತಿನಲ್ಲಿ ಕೀಲಿಯನ್ನು ಒತ್ತುವುದೆಂದರೆ ಈ ಕರೆ. ಅದು ಯಂತ್ರದ ಯಜಮಾನರಾದ ತಮ್ಮ ಹಕ್ಕು.

ಹಿಂದಿನ ಕಥೆ

ಈ ಏಳುವ ಕೆಲಸಕ್ಕೆ ಇಂಗ್ಲಿಷಿನವರು "ಬೂಟ್" ಎಂದು ಹೆಸರಿಟ್ಟುದಕ್ಕೆ ಒಂದು ತಮಾಷೆಯಿದೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದೆಂಬ ಅಸಾಧ್ಯದ ಮಾತು ಅವರಲ್ಲಿದೆ. ಅದರಿಂದ ಬಂದ ಹೆಸರು. ಆದೇಶವಿಲ್ಲದೆ ಏನನ್ನೂ ಓದಲಾರದ ಯಂತ್ರಕ್ಕೆ, "ಆದೇಶವನ್ನು ಓದು" ಎಂಬ ಮೊದಲ ಆದೇಶವನ್ನು ಕೊಡುವವರು ಯಾರು? ತೊಡಕಿರುವುದು ಅಲ್ಲಿ.

ಮುಂಬಯಿಗೆ ಈ ತೊಡಕು ಹೊಸದಲ್ಲ. 1945ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿ ಹುಟ್ಟಿ, ಅದೇ ವರ್ಷ ಮುಂಬಯಿಗೆ ಬಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, 1950ರ ದಶಕದಲ್ಲಿ ಆರ್. ನರಸಿಂಹನ್ ಅವರೂ ಅವರ ಜೊತೆಗಾರರೂ ಸೇರಿ ಒಂದು ಕಂಪ್ಯೂಟರನ್ನು ಕಟ್ಟಿದರು. 1960ರಲ್ಲಿ ಅದು ಪೂರ್ಣವಾಗಿ ಕೆಲಸಕ್ಕೆ ಬಂದಿತು; 1962ರಲ್ಲಿ ಜವಾಹರಲಾಲ ನೆಹರೂ ಅವರು ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. ಸುಮಾರು 2,700 ರೇಡಿಯೋ ವಾಲ್ವುಗಳಿದ್ದ ಆ ಯಂತ್ರದ ನೆನಪಿನಲ್ಲಿ ಹಿಡಿಸುತ್ತಿದ್ದುದು 2,048 ಪದಗಳು ಮಾತ್ರ. ಅದಕ್ಕೆ ಆದೇಶಗಳನ್ನು ಉಣ್ಣಿಸುತ್ತಿದ್ದುದು ತೂತು ಕೊರೆದ ಕಾಗದದ ಪಟ್ಟಿಯ ಮೂಲಕ. 1964ರಲ್ಲಿ ಅಮೆರಿಕದಿಂದ ಸಿ.ಡಿ.ಸಿ. 3600 ಎಂಬ ದೊಡ್ಡ ಯಂತ್ರ ಅಲ್ಲಿಗೆ ಬಂದ ಮೇಲೆ ಕಾರ್ಡುಗಳೂ ಟೇಪುಗಳೂ ಬಂದುವು. ಅಂದಿನ ಯಂತ್ರಗಳನ್ನು ಎಬ್ಬಿಸುವುದು ತರಬೇತಾದವರ ಕೆಲಸವಾಗಿತ್ತು. ಎಷ್ಟೋ ಯಂತ್ರಗಳಲ್ಲಿ ಮೊದಲ ಆದೇಶಗಳನ್ನು ಸ್ವಿಚ್ಚುಗಳಿಂದ ಒಂದೊಂದಾಗಿ ಕೊಡಬೇಕಾಗುತ್ತಿತ್ತು.

ಮನೆಯ ಮೇಜಿಗೆ ಬಂದ ಕಂಪ್ಯೂಟರಿನ ಕಥೆ 1981ರಿಂದ ಬೇರೆಯಾಯಿತು. ಆ ವರ್ಷ ಐ.ಬಿ.ಎಂ. ಕಂಪೆನಿ ಹೊರತಂದ ಯಂತ್ರದಲ್ಲಿ ಗೋಡೆಯ ಚೀಟಿ ಚಿಪ್ಪಿನೊಳಗೆ ಸೇರಿತು. ಬಟನ್ನು ಒತ್ತಿದರೆ ಅದು ತಾನಾಗಿ ಎದ್ದು ಮೊದಲು ಫ್ಲಾಪಿಯನ್ನು ಹುಡುಕುತ್ತಿತ್ತು. ಡಿಸ್ಕಿನಿಂದ ಏಳುವುದೇ ಆಗಿನ ಸಹಜ ಪದ್ಧತಿ! ಹಾರ್ಡ್ ಡಿಸ್ಕು ಸೇರಿದ ಮಾದರಿ ಬಂದುದು 1983ರಲ್ಲಿ. ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಯಂತ್ರವನ್ನು ಮತ್ತೆ ಮೊದಲಿನಿಂದ ಎಬ್ಬಿಸುವ ಉಪಾಯವೂ ಆ 1981ರ ಯಂತ್ರದ್ದೇ. ಅದನ್ನು ಮಾಡಿದವರು ಡೇವಿಡ್ ಬ್ರಾಡ್ಲಿ ಎಂಬ ಇಂಜಿನಿಯರರು. ಮೂರು ಕೀಲಿಗಳನ್ನು ಆರಿಸಿದುದು ಏತಕ್ಕೆಂದರೆ, ಕೈ ತಗುಲಿ ಆಕಸ್ಮಿಕವಾಗಿ ಯಂತ್ರ ಆರಿ ಹೋಗಬಾರದೆಂದು.

ಡಿಸ್ಕಿನಿಂದ ಏಳುವ ಗುಣದಿಂದ ಕೇಡೂ ಆಯಿತು. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ "ಬ್ರೇನ್" ಎಂಬ ವೈರಸ್ಸು ಫ್ಲಾಪಿಯ ಆ ಮೊದಲ ಭಾಗದಲ್ಲೇ ಅಡಗಿ ಕುಳಿತು ದೇಶದೇಶ ಸುತ್ತಿತು. ಫ್ಲಾಪಿಯನ್ನು ಒಳಗೇ ಮರೆತು ಯಂತ್ರ ಹಚ್ಚಿದರೆ ಸಾಕು, ರೋಗ ಅಂಟುತ್ತಿತ್ತು. ಗುರುತಿಲ್ಲದ ಡಿಸ್ಕಿನಿಂದ ಯಂತ್ರವನ್ನು ಎಬ್ಬಿಸಕೂಡದೆಂಬ ಪಾಠ ಅಂದಿನದು. ಇಂದಿಗೂ ಅದು ಸುಳ್ಳಾಗಿಲ್ಲ.

ಮುಂದೆ 1995ರಲ್ಲಿ ಸಿ.ಡಿ.ಯಿಂದ ಏಳುವ ಕ್ರಮ ಸಿದ್ಧವಾಯಿತು. ಅದರ ಹೆಸರು "ಎಲ್ ಟೊರಿಟೊ". ಕ್ಯಾಲಿಫೋರ್ನಿಯಾದಲ್ಲಿ ಅದೇ ಹೆಸರಿನ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಾಗ ಇಂಜಿನಿಯರರಿಗೆ ಹೊಳೆದ ವಿಚಾರವೆಂದು ಹೇಳುತ್ತಾರೆ. ಊಟದ ಮೇಜಿನ ಬಳಿ ಒಳ್ಳೆಯ ವಿಚಾರಗಳು ಹುಟ್ಟುತ್ತವೆಂಬುದನ್ನು ನಮ್ಮ ಹೋಟೆಲಿನವರಿಗೆ ಬೇರೆ ಹೇಳಬೇಕಾದುದಿಲ್ಲ. 2000ದಲ್ಲಿ ಕ್ಲಾವುಸ್ ನಾಪರ್ ಎಂಬ ಜರ್ಮನ್ ಇಂಜಿನಿಯರರು "ನಾಪಿಕ್ಸ್" ಎಂಬ ಸಿ.ಡಿ.ಯನ್ನು ಹೊರತಂದರು. ಒಳಗಿನ ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಇಡೀ ಯಂತ್ರ ಆ ಸಿ.ಡಿ.ಯಿಂದ ಎದ್ದು ಕೆಲಸ ಮಾಡುತ್ತಿತ್ತು. ಇಂಥವನ್ನು "ಲೈವ್" ಡಿಸ್ಕು ಎನ್ನುತ್ತಾರೆ. ಉಬುಂಟು ಎಂಬ ಇನ್ನೊಂದು ಬಗೆಯ ಸಿ.ಡಿ.ಗಳನ್ನು 2011ರ ವರೆಗೆ ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿದ್ದರು; ನಮ್ಮ ಓದುಗರಲ್ಲಿ ಕೆಲವರ ಕಪಾಟಿನಲ್ಲಿ ಇನ್ನೂ ಇದ್ದೀತು. ಈಗ ಅಂಚೆಯಿಲ್ಲ, ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಆದರೆ ಉಚಿತವೆಂಬುದು ಬದಲಾಗಿಲ್ಲ.

ಒಂದು ಮನೆಯ ಮಾತು

ದೊಂಬಿವಲಿಯಲ್ಲಿರುವ, ನಮಗೆ ತಿಳಿದ ಒಂದು ಮನೆಯ ಮಾತು. ಮನೆಯ ಹಿರಿಯರು ಹುಡುಗನಾಗಿದ್ದಾಗಲೇ ಉಡುಪಿಯ ಕಡೆಯಿಂದ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕೋಟೆ ಭಾಗದ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಒಂದು ಕಚೇರಿಯಿಂದ ನಿವೃತ್ತರಾದರು. ಎಪ್ಪತ್ತು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗು ಕಲಿತು ತಮ್ಮ ಬಾಳಿನ ಕಥೆಯನ್ನು ಬರೆಯತೊಡಗಿದರು. ದಿನಕ್ಕೆ ಒಂದು ಪುಟ, ಕೆಲವು ದಿನ ಅರ್ಧ. ನೂರ ಎಂಬತ್ತು ಪುಟಗಳಾಗಿದ್ದುವು. ಬೇರೆಲ್ಲೂ ಪ್ರತಿಯಿರಲಿಲ್ಲ. ಆಗ ಒಂದು ದಿನ ಯಂತ್ರ ಏಳಲಿಲ್ಲ.

ಮಗ ರಿಪೇರಿಗೆ ಕೊಡಲು ಹೊರಟಿದ್ದ. ಕಾಲೇಜಿನಲ್ಲಿ ಓದುವ ಮೊಮ್ಮಗಳು ತಡೆದಳು. "ಅಜ್ಜ, ಇದು ಸತ್ತಿಲ್ಲ. ತಯಾರಕರ ಹೆಸರು ಬರ್ತದಲ್ಲ? ನೀವು ಸ್ವಲ್ಪ ಕೂತುಕೊಳ್ಳಿ" ಎಂದಳಂತೆ. ಗೆಳತಿಯ ಮನೆಯಿಂದ ಲೈವ್ ಡಿಸ್ಕಾಗಿ ಮಾಡಿದ ಪೆನ್‌ಡ್ರೈವು ತಂದು, ಕೀಲಿಯೊತ್ತಿ ಎಬ್ಬಿಸಿದಳು. ಪರದೆಯ ಮೇಲೆ ಹಾರ್ಡ್ ಡಿಸ್ಕಿನ ಚಿತ್ರ ಬಂತು, ಅದರೊಳಗೆ ಅಜ್ಜನ ಹೆಸರಿನ ಫೋಲ್ಡರು, ಅದರೊಳಗೆ ಕಡತ. ತೆರೆದು ನೋಡಿದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಅಜ್ಜ ಮಾತಾಡಲಿಲ್ಲ, ಎದ್ದು ಬಾಲ್ಕನಿಗೆ ಹೋದರು.

ಬರಹ ಕೆಟ್ಟಿರಲಿಲ್ಲ. ಅದು ಹಳೆಯ ಪದ್ಧತಿಯ ಫಾಂಟಿನಲ್ಲಿ ಟೈಪಾದುದು. ಮೊದಮೊದಲಿನ ನುಡಿ, ಬರಹ ಮುಂತಾದ ಕನ್ನಡ ತಂತ್ರಾಂಶಗಳಲ್ಲಿ ಟೈಪು ಮಾಡಿದ ಎಷ್ಟೋ ಕಡತಗಳು ಹೀಗೆಯೇ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಕಾಣಿಸದು. ಫಾಂಟು ಹಾಕಿದರೆ ಅಥವಾ ಯೂನಿಕೋಡಿಗೆ ಪರಿವರ್ತಿಸಿದರೆ ಅಕ್ಷರ ಅಕ್ಷರವೂ ಮರಳುತ್ತದೆ. ಮರಳಿತು. ಈಗ ಆ ಬರಹದ ಮೂರು ಪ್ರತಿಗಳಿವೆ. ಒಂದು ಊರಿನ ಮನೆಯಲ್ಲಿದೆ. ಅಂದು "ಏನೇನೋ ಬಂದಿದೆ, ಇನ್ನು ಪ್ರಯೋಜನವಿಲ್ಲ" ಎಂದು ಫಾರ್ಮ್ಯಾಟು ಮಾಡಿದ್ದರೆ ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಲಿ. ಕನ್ನಡದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ದುಡಿದವರು. ಅಂಥವರ ಶ್ರಮದಿಂದ ನಮ್ಮ ಹಿರಿಯರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವಂತಾಯಿತು. ಬರೆದುದನ್ನು ಉಳಿಸಿಕೊಳ್ಳುವುದಾದರೂ ನಮ್ಮ ಕೈಯಲ್ಲಿರಬೇಡವೆ?

ಮಾಡುವ ಕ್ರಮ

ಯಂತ್ರ ಏಳದಿದ್ದಾಗ ಮೊದಲು ಸುಲಭದ ಎರಡು ಕಾರಣಗಳನ್ನು ನೋಡಬೇಕು. ಹಿಂದೆಯೋ ಪಕ್ಕದಲ್ಲೋ ಯಾರಾದರೂ ಪೆನ್‌ಡ್ರೈವು ಸಿಕ್ಕಿಸಿ ಮರೆತಿದ್ದಾರೆಯೇ? ಇದ್ದರೆ ಯಂತ್ರ ಅದರಿಂದ ಏಳಲು ಹೋಗಿ ಸೋತಿರಬಹುದು. ಕಿತ್ತು ಮತ್ತೆ ಹಚ್ಚಿ ನೋಡಿ. ಎರಡನೆಯದು, ಗಡಿಯಾರ. ಯಂತ್ರದ ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಹೋಗಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ತೀರಿದೆಯೆಂದು ತಿಳಿಯಬೇಕು. ಸಾಮಾನ್ಯವಾಗಿ ಅದರ ಮೇಲೆ ಸಿ.ಆರ್. 2032 ಎಂದಿರುತ್ತದೆ, ಬೆಲೆ ಅಲ್ಪ. ಅದು ತೀರಿದರೆ ಯಾವ ಡಿಸ್ಕಿನಿಂದ ಏಳಬೇಕೆಂಬ ಏರ್ಪಾಡನ್ನೂ ಯಂತ್ರ ಮರೆಯುವುದುಂಟು.

ಇವೆರಡೂ ಅಲ್ಲವಾದರೆ ಲೈವ್ ಡಿಸ್ಕು ಬೇಕು. ಅದನ್ನು ಸರಿಯಾಗಿರುವ ಬೇರೆ ಕಂಪ್ಯೂಟರಿನಲ್ಲಿ ತಯಾರಿಸಬೇಕು. ಉಬುಂಟು ಅಥವಾ ಲಿನಕ್ಸ್ ಮಿಂಟ್ ಇವುಗಳ ಸ್ವಂತ ತಾಣದಿಂದಲೇ ಐ.ಎಸ್.ಓ. ಎಂಬ ಕಡತವನ್ನು ಇಳಿಸಿಕೊಳ್ಳಿ. ಬೇರೆ ಕಡೆಯಿಂದ ಬೇಡ. ಮಿಂಟ್ ಸುಮಾರು 3 ಜಿ.ಬಿ. ಇರುವುದರಿಂದ 4.7 ಜಿ.ಬಿ.ಯ ಸಾಧಾರಣ ಡಿ.ವಿ.ಡಿ.ಗೆ ಹಿಡಿಸುತ್ತದೆ. ಪೆನ್‌ಡ್ರೈವಾದರೆ 8 ಜಿ.ಬಿ. ಅಥವಾ ಹೆಚ್ಚಿನದಿರಲಿ. ಕಡತವನ್ನು ಸುಮ್ಮನೆ ಅದರೊಳಗೆ ಕಾಪಿ ಮಾಡಿದರೆ ಆಗದು. ರೂಫಸ್ ಅಥವಾ ಎಚರ್ ಎಂಬ ಉಚಿತ ತಂತ್ರಾಂಶದಿಂದ ಬರೆಯಬೇಕು. ಹಾಗೆ ಬರೆಯುವಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿ ಹೋಗುತ್ತದೆ, ನೆನಪಿರಲಿ.

ಇನ್ನು ಕೀಲಿ. ಯಂತ್ರವನ್ನು ಪೂರ್ತಿ ಆರಿಸಿ. ಏಳದೆ ನಿಂತುಬಿಟ್ಟಿದ್ದರೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಆರುತ್ತದೆ. ಪೆನ್‌ಡ್ರೈವು ಸಿಕ್ಕಿಸಿ, ಬಟನ್ನು ಒತ್ತಿದೊಡನೆಯೇ ತಮ್ಮ ಯಂತ್ರದ ಕೀಲಿಯನ್ನು ಸೆಕೆಂಡಿಗೆ ಒಂದೆರಡು ಸಲದಂತೆ ಟಕಟಕನೆ ತಟ್ಟುತ್ತಿರಬೇಕು. ಡೆಲ್ ಯಂತ್ರಗಳಲ್ಲಿಯೂ ಲೆನೊವೊದ ಹೆಚ್ಚಿನ ಮಾದರಿಗಳಲ್ಲಿಯೂ ಇದು ಎಫ್ 12. ಎಚ್.ಪಿ.ಯಲ್ಲಿ ಎಸ್ಕೇಪ್ ಒತ್ತಿ ಬಳಿಕ ಎಫ್ 9. ಏಸಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಏಸರಿನಲ್ಲಿಯೂ ಎಫ್ 12. ಆದರೆ ಅನೇಕ ಮಾದರಿಗಳಲ್ಲಿ ಮೊದಲು ಎಫ್ 2 ಒತ್ತಿ ಒಳಗೆ ಹೋಗಿ ಆ ಸೌಕರ್ಯವನ್ನು ತೆರೆಯಬೇಕಾಗುತ್ತದೆ. ಲೆನೊವೊದ ಕೆಲವು ಲ್ಯಾಪ್‌ಟಾಪುಗಳಲ್ಲಿ ಪಕ್ಕದ ಸಣ್ಣ ತೂತಿನಲ್ಲಿ ಪಿನ್ನು ಚುಚ್ಚಿದರೂ ಪಟ್ಟಿ ಬರುತ್ತದೆ. ಮಾದರಿಯಿಂದ ಮಾದರಿಗೆ ವ್ಯತ್ಯಾಸವುಂಟು. ಹೆಚ್ಚಾಗಿ ಆ ಕೀಲಿಯ ಹೆಸರನ್ನು ಯಂತ್ರವೇ ಪರದೆಯ ಮೂಲೆಯಲ್ಲಿ ಕ್ಷಣಕಾಲ ತೋರಿಸುತ್ತದೆ.

ಆಪಲ್ ಕಂಪೆನಿಯ ಮ್ಯಾಕ್ ಯಂತ್ರಗಳ ಕ್ರಮ ಬೇರೆ. ಅಲ್ಲಿ ತಟ್ಟುವುದಲ್ಲ, ಒತ್ತಿ ಹಿಡಿಯುವುದು. ಹಳೆಯ ಮ್ಯಾಕ್‌ಗಳಲ್ಲಿ ಸಿ ಎಂಬ ಅಕ್ಷರವನ್ನು ಹಿಡಿದರೆ ಸಿ.ಡಿ.ಯಿಂದ ಏಳುತ್ತಿತ್ತು, ಆಪ್ಷನ್ ಕೀಲಿಯನ್ನು ಹಿಡಿದರೆ ಇರುವ ಡಿಸ್ಕುಗಳೆಲ್ಲ ಸಾಲಾಗಿ ಕಾಣಿಸುತ್ತಿದ್ದುವು. 2020ರಿಂದ ಬರುತ್ತಿರುವ, ಆಪಲ್ಲಿನದೇ ಚಿಪ್ಪಿನ ಮ್ಯಾಕ್‌ಗಳಲ್ಲಿ ಯಾವ ಅಕ್ಷರವೂ ಇಲ್ಲ; ಪವರ್ ಬಟನ್ನನ್ನೇ ಹಿಡಿದಿರಬೇಕು. ಮೇಲೆ ಹೇಳಿದ ಸಾಧಾರಣ ಲಿನಕ್ಸ್ ಪೆನ್‌ಡ್ರೈವಿನಿಂದ ಈ ಹೊಸ ಮ್ಯಾಕ್‌ಗಳು ಏಳುವುದಿಲ್ಲವೆಂಬುದನ್ನೂ ತಿಳಿದಿರಬೇಕು.

ಕೀಲಿ ಒತ್ತಿದರೂ ಪಟ್ಟಿ ಬಾರದೆಂಬ ದೂರು ಸಾಮಾನ್ಯ. ಕಾರಣಗಳು ಮೂರು. ತಡವಾಗಿ ಒತ್ತಿದುದು ಒಂದು; ಭಟ್ಟರು ಅಷ್ಟರಲ್ಲಿ ಕಪಾಟು ತೆರೆದಾಗಿರುತ್ತದೆ. ಬ್ಲೂಟೂತಿನ ಕೀಲಿಮಣೆ ಇನ್ನೊಂದು. ಏಳುವ ಹೊತ್ತಿನಲ್ಲಿ ಅದರ ಗುರುತು ಯಂತ್ರಕ್ಕಿರುವುದಿಲ್ಲ, ಆದುದರಿಂದ ತಂತಿಯ ಕೀಲಿಮಣೆಯನ್ನು ಸಿಕ್ಕಿಸಬೇಕು. ಮೂರನೆಯದು, ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್ ಸಾಲಿನ ಕೀಲಿಗಳು ಧ್ವನಿ, ಬೆಳಕುಗಳಿಗೆ ಮೀಸಲು, ಎಫ್.ಎನ್. ಎಂಬ ಕೀಲಿಯನ್ನೂ ಜೊತೆಗೆ ಒತ್ತಬೇಕು.

ಪಟ್ಟಿ ಬಂದ ಮೇಲೆ ಬಾಣದ ಕೀಲಿಯಿಂದ ಪೆನ್‌ಡ್ರೈವಿನ ಹೆಸರಿಗೆ ಹೋಗಿ ಎಂಟರ್ ಒತ್ತಿ. ಉಬುಂಟುವಿನಲ್ಲಿ "ಟ್ರೈ" ಎಂದೂ "ಇನ್‌ಸ್ಟಾಲ್" ಎಂದೂ ಎರಡು ದಾರಿ ತೋರಿಸುತ್ತದೆ. ಟ್ರೈ ಎಂದರೆ ಬರೀ ನೋಡುವುದು. ಇನ್‌ಸ್ಟಾಲ್ ಎಂದರೆ ಹಾರ್ಡ್ ಡಿಸ್ಕಿನ ಮೇಲೆ ಬರೆಯುವುದು. ಟ್ರೈ ಎಂಬುದನ್ನೇ ಆರಿಸಬೇಕು. ಮಿಂಟ್ ನೇರವಾಗಿ ಏಳುತ್ತದೆ. ಅಲ್ಲಿ ಪರದೆಯ ಮೇಲಿರುವ ಇನ್‌ಸ್ಟಾಲ್ ಚಿತ್ರವನ್ನು ಮುಟ್ಟದಿದ್ದರಾಯಿತು. "ಇರೇಸ್ ಡಿಸ್ಕ್" ಎಂಬ ಮಾತು ಎಲ್ಲಿ ಕಂಡರೂ ಕೈ ಹಿಂದಕ್ಕೆ ತೆಗೆಯಿರಿ. ಅನಂತರ ಕಡತಗಳ ಕಿಟಿಕಿ ತೆರೆದು, ಬೇಕಾದುದನ್ನು ಹೊರಗಿನ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಕೊಳ್ಳುವುದು. ಬರಹಗಳು ಮೊದಲು, ಫೋಟೋಗಳು ಬಳಿಕ, ಸಿನಿಮಾಗಳು ಕೊನೆಗೆ. ಮತ್ತೆ ಸಿಕ್ಕಲಾರದುದಕ್ಕೆ ಮೊದಲ ಮರ್ಯಾದೆ.

ಕೆಲವು ಎಚ್ಚರಿಕೆಗಳು

ಲೈವ್ ಡಿಸ್ಕಿನಿಂದ ಯಂತ್ರ ಎದ್ದರೆ ಅದೇ ಒಂದು ರೋಗಪರೀಕ್ಷೆ. ಪ್ರೊಸೆಸರು, ರ‍್ಯಾಮು, ಪರದೆ ಎಲ್ಲವೂ ಬಹುಮಟ್ಟಿಗೆ ಸರಿಯಾಗಿವೆ. ದೋಷ ಹಾರ್ಡ್ ಡಿಸ್ಕಿನಲ್ಲಿ ಅಥವಾ ವಿಂಡೋಸಿನಲ್ಲಿದೆ ಎಂದಾಯಿತು. ತಯಾರಕರ ಹೆಸರೂ ಮೂಡದಿದ್ದರೆ ಮಾತ್ರ ಈ ಉಪಾಯ ನಡೆಯದು. ಅದು ಬಲ್ಲವರು ನೋಡಬೇಕಾದ ಕೆಲಸ. ಆಗಲೂ ಹಾರ್ಡ್ ಡಿಸ್ಕು ಕ್ಷೇಮವಾಗಿರಬಹುದು. ಅದನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ಓದಬಹುದೇ ಎಂದು ಕೇಳಿ.

ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ ಒಡನೆ ಆರಿಸಬೇಕು. ಮತ್ತೆ ಮತ್ತೆ ಹಚ್ಚಿದಷ್ಟೂ ಒಳಗಿನ ತಟ್ಟೆಗೆ ಗೀರು ಬೀಳುತ್ತದೆ. ನೀರು ಹೊಕ್ಕ ಯಂತ್ರವನ್ನಂತೂ ಹಚ್ಚಲೇ ಕೂಡದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದುದನ್ನು ಮುಂಬಯಿಯವರು ಮರೆತಿಲ್ಲ; ನೆಲಮಾಳಿಗೆಯವರು ಕಂಪ್ಯೂಟರಿನ ಡಬ್ಬವನ್ನು ನೆಲದ ಮೇಲಿಡದೆ ಎತ್ತರದಲ್ಲಿಡುವುದು ಲೇಸು.

ಹೊಸ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಬಿದ್ದಿರುವುದುಂಟು. ಅನೇಕ ಸಲ ಒಡೆಯರಿಗೇ ಅದು ತಿಳಿದಿರುವುದಿಲ್ಲ. ಕಳ್ಳರ ಕೈಗೆ ಸಿಕ್ಕರೂ ಬರಹ ಭದ್ರವಾಗಿರಲೆಂದು ಈ ಏರ್ಪಾಡು. ಆದರೆ ಲೈವ್ ಡಿಸ್ಕಿನಿಂದ ಎದ್ದು ನೋಡಿದರೆ ನಮಗೂ ಬಾಗಿಲು ತೆರೆಯದು. 48 ಅಂಕೆಗಳ ಒಂದು ಸಂಖ್ಯೆ ಬೇಕು. ಸಾಧಾರಣವಾಗಿ ಅದು ತಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಡೈರಿಯಲ್ಲಿ ಬರೆದಿಡತಕ್ಕದ್ದು. ಆ ಸಂಖ್ಯೆಯಿಲ್ಲದೆ ಲ್ಯಾಮಿಂಗ್ಟನ್ ರೋಡಿನ ಎಷ್ಟು ನಿಪುಣನಾದ ರಿಪೇರಿಯವನೂ ಆ ಬೀಗ ತೆರೆಯಲಾರ.

ರಿಪೇರಿಯವರ ಮೇಲೆ ನಮಗೆ ಕೋಪವಿಲ್ಲ. ಒಂದು ದಿನಕ್ಕೆ ಹತ್ತು ಯಂತ್ರ ನೋಡುವವರಿಗೆ ಒರೆಸಿ ಬರೆಯುವುದೇ ಹತ್ತಿರದ ದಾರಿ. ಯಾವ ಯಂತ್ರದಲ್ಲಿ ಯಾರ ಅಜ್ಜನ ಬರಹವಿದೆಯೆಂದು ಅವರಿಗೇನು ಗೊತ್ತು? ಹೇಳಬೇಕಾದವರು ನಾವು. "ಮೊದಲು ಡೇಟಾ ತೆಗೆದುಕೊಡಿ, ಬಳಿಕ ಮುಂದಿನ ಮಾತು" ಎಂದು ಸ್ಪಷ್ಟವಾಗಿ ಹೇಳಿ, ಚೀಟಿಯ ಮೇಲೂ ಬರೆಸಿಕೊಳ್ಳಬೇಕು. ತಾವೇ ತೆಗೆದುಕೊಂಡು ಹೋಗಿದ್ದರೆ ಇನ್ನೂ ಉತ್ತಮ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಹಾಗಾಗದಂತೆ ಈ ಭಾನುವಾರವೇ ಒಂದು ಗಂಟೆ ಬಿಡುವು ಮಾಡಿಕೊಳ್ಳಿರೆಂದು ನಮ್ಮ ಕೋರಿಕೆ. ಮನೆಯ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಒಂದು ಲೈವ್ ಪೆನ್‌ಡ್ರೈವು ಮಾಡಿ. ಯಂತ್ರ ಆರೋಗ್ಯವಾಗಿರುವಾಗಲೇ ಅದರಿಂದ ಒಮ್ಮೆ ಎಬ್ಬಿಸಿ ನೋಡಿ. ಯಾವ ಕೀಲಿಯೆಂಬುದನ್ನು ಕಾಗದದಲ್ಲಿ ಬರೆದು ಪರದೆಯ ಹಿಂಭಾಗಕ್ಕೆ ಅಂಟಿಸಿ. ಪೆನ್‌ಡ್ರೈವನ್ನು ಹೆಸರು ಬರೆದ ಲಕೋಟೆಯಲ್ಲಿ ಹಾಕಿ, ರೇಶನ್ ಕಾರ್ಡು, ಪಾಸ್‌ಪೋರ್ಟುಗಳಿರುವ ಕಪಾಟಿನಲ್ಲೇ ಇಡಿ. ಹಿರಿಯರ ಬರಹವಿದ್ದರೆ ಅದರ ಒಂದು ಪ್ರತಿಯನ್ನು ಬೇರೆ ಮನೆಯಲ್ಲಿರುವ ಮಗನಿಗೋ ಮಗಳಿಗೋ ಕೊಟ್ಟಿರಿ. ಯಂತ್ರಗಳು ಐದು ಹತ್ತು ವರ್ಷದವು, ಹೊಸತು ತರಬಹುದು. ಒಬ್ಬರು ಕುಳಿತು ನೆನೆದು ಬರೆದುದನ್ನು ಯಾವ ಅಂಗಡಿಯಲ್ಲಿಯೂ ತರಲಾಗದು.